ಕಾರಿನ ನೆತ್ತಿಯ ಮೇಲೆ ಹಾಯಿದೋಣಿ

ಒಬ್ಬರೇ ನಡೆಸಬಹುದಾದ ಹಾಯಿದೋಣಿಗಳಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವವುಗಳ ಪೈಕಿ ಲೇಸರ್ ಒಂದು. ಈವರೆಗೆ ಎರಡು ಲಕ್ಷಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ. ಉದ್ದ 4.23 ಮೀಟರ್, ಅಗಲ ಸುಮಾರು 1.37 ಮೀಟರ್. ಹಾಯಿ, ಕಂಬ ಬಿಟ್ಟು ಬರೀ ಒಡಲಿನ ತೂಕ 59 ಕಿಲೋ. ಇಬ್ಬರು ಸೇರಿದರೆ ಎತ್ತಿ ಕಾರಿನ ಮೇಲಿಡಬಹುದು. ಎಂಜಿನ್ ಇಲ್ಲ, ಕೋಣೆ ಇಲ್ಲ, ಕೂರಲು ಆಸನವೂ ಇಲ್ಲ.

ದೋಣಿಯೊಂದರ ವಿನ್ಯಾಸ ಅರ್ಥವಾಗಬೇಕಾದರೆ ಲೇಸರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇದರ ಪ್ರತಿಯೊಂದು ಭಾಗವೂ ಯಾಕೆ ಹಾಗಿದೆ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಆ ಉತ್ತರಗಳೆಲ್ಲ ಮೂರು ಷರತ್ತುಗಳಿಂದ ಹುಟ್ಟಿದವು: ಒಬ್ಬರಿಗೆ ಸಾಕಾಗಬೇಕು, ಕಾರಿನ ಮೇಲೆ ಹೋಗಬೇಕು, ಅಗ್ಗದಲ್ಲಿ ತಯಾರಾಗಬೇಕು.

ಈ ಷರತ್ತುಗಳು ಬಂದದ್ದು ಒಂದು ಫೋನ್ ಕರೆಯಲ್ಲಿ. 1969ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಇಯಾನ್ ಬ್ರೂಸ್ ಎಂಬ ಕೈಗಾರಿಕಾ ವಿನ್ಯಾಸಕಾರರಿಗೆ ಒಂದು ಕೆಲಸ ಸಿಕ್ಕಿತ್ತು. ಹಡ್ಸನ್ಸ್ ಬೇ ಕಂಪನಿ ಮಾರುವ ಶಿಬಿರದ ಸಾಮಾನುಗಳ ಜೊತೆಗೆ ಕಾರಿನ ಮೇಲೆ ಒಯ್ಯಬಹುದಾದ ದೋಣಿಯೊಂದು ಬೇಕಾಗಿತ್ತು. ಬ್ರೂಸ್ ತಮ್ಮ ಗೆಳೆಯ ಬ್ರೂಸ್ ಕರ್ಬಿಗೆ ಫೋನ್ ಮಾಡಿದರು. ಕರ್ಬಿ ದೋಣಿ ವಿನ್ಯಾಸಕಾರರು, ಹಾಯಿದೋಣಿ ಪತ್ರಿಕೆಯೊಂದರ ಸಂಪಾದಕರೂ ಹೌದು. ಮಾತಾಡುತ್ತಲೇ ಅವರು ಕಾಗದದ ಮೇಲೆ ಗೀಚಿದ ಚಿತ್ರವೇ ಮುಂದೆ ಲೇಸರ್ ಆಯಿತು. ಆ ಕಂಪನಿ ಹಿಂದೆ ಸರಿಯಿತು, ಚಿತ್ರ ಉಳಿಯಿತು. 1970ರ ಶರತ್ಕಾಲದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅಗ್ಗದ ದೋಣಿಗಳಿಗೆಂದೇ ನಡೆದ ಸ್ಪರ್ಧೆಗೆ ಮೊದಲ ಮಾದರಿಯನ್ನು ಒಯ್ದರು. ಹಾಯಿ ಹೊಲಿದವರು ಹಾನ್ಸ್ ಫಾಗ್. ತನ್ನ ವರ್ಗದಲ್ಲಿ ಆ ದೋಣಿ ಸಲೀಸಾಗಿ ಗೆದ್ದಿತು. 1971ರ ಆರಂಭದಲ್ಲಿ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಮಾರಾಟಕ್ಕಿಟ್ಟಾಗ ಬೆಲೆ 595 ಡಾಲರ್. ಆ ಒಂದು ಪ್ರದರ್ಶನದಲ್ಲೇ 144 ದೋಣಿಗಳಿಗೆ ಬೇಡಿಕೆ ಬಂತು.

ಒಡಲಿನ ಆಕಾರ

ದೋಣಿಯ ಒಡಲಿಗೆ ಹಲ್ ಎನ್ನುತ್ತಾರೆ. ವಿನ್ಯಾಸಕಾರ ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು ಎಷ್ಟು ಭಾರ ಹೊರಬೇಕು ಎಂಬುದು. ಲೇಸರ್‌ನಲ್ಲಿ ವಿಚಿತ್ರವೆಂದರೆ, ದೋಣಿಯ ಒಡಲಿಗಿಂತ ಅದನ್ನು ನಡೆಸುವವರೇ ಹೆಚ್ಚು ತೂಗುತ್ತಾರೆ. ಕರ್ಬಿ ಲೆಕ್ಕ ಹಾಕಿದ್ದು 180 ಪೌಂಡ್, ಅಂದರೆ ಸುಮಾರು 82 ಕಿಲೋ ತೂಕದ ಒಬ್ಬ ವ್ಯಕ್ತಿಗೆ. ಒಡಲು, ಕಂಬ, ಹಾಯಿ, ಮನುಷ್ಯ ಎಲ್ಲ ಸೇರಿ 160 ಕಿಲೋ ಆಸುಪಾಸು ಎಂದುಕೊಳ್ಳಿ. ಅಷ್ಟೇ ತೂಕದ ನೀರನ್ನು, ಅಂದರೆ 160 ಲೀಟರನ್ನು ದೋಣಿ ಪಕ್ಕಕ್ಕೆ ತಳ್ಳಿದಾಗ ಅದು ತೇಲುತ್ತದೆ.

ಆ 160 ಲೀಟರಿನ ಗಾತ್ರವನ್ನು ದೋಣಿಯ ಉದ್ದಕ್ಕೂ ಹೇಗೆ ಹಂಚಬೇಕು? ಕಷ್ಟದ ತೀರ್ಮಾನ ಇದೇ. ನಡುವೆ ದಪ್ಪವಾಗಿ ತುದಿಗಳು ಚೂಪಾದರೆ ಮೆಲುಗಾಳಿಯಲ್ಲಿ ದೋಣಿ ಸುಲಭವಾಗಿ ಜಾರುತ್ತದೆ, ಆದರೆ ಗಾಳಿ ಜೋರಾದಾಗ ವೇಗ ಏರುವುದಿಲ್ಲ. ತುದಿಗಳೂ ತುಂಬಿಕೊಂಡಿದ್ದರೆ ಜೋರುಗಾಳಿಯಲ್ಲಿ ಅನುಕೂಲ, ಮೆಲುಗಾಳಿಯಲ್ಲಿ ನೀರನ್ನು ಎಳೆದುಕೊಂಡು ಹೋದಂತೆ ಭಾರ. ಈ ಹಂಚಿಕೆಯನ್ನು ಅಳೆಯುವ ಸಂಖ್ಯೆಗೆ ಪ್ರಿಸ್ಮ್ಯಾಟಿಕ್ ಕೋಎಫಿಶಿಯೆಂಟ್ ಎಂದು ಹೆಸರು. ನೀರಿನಡಿಯ ಒಡಲು ಎಲ್ಲಿ ಅತಿ ದಪ್ಪವೋ, ಅಷ್ಟೇ ದಪ್ಪ ತುದಿಯಿಂದ ತುದಿಗೂ ಇದ್ದಿದ್ದರೆ ಆಗುತ್ತಿದ್ದ ಗಾತ್ರದಲ್ಲಿ ನಿಜವಾದ ಗಾತ್ರ ಎಷ್ಟು ಪಾಲು ಎಂಬುದನ್ನು ಅದು ಹೇಳುತ್ತದೆ. ಕರ್ಬಿ ಆರಿಸಿಕೊಂಡದ್ದು 0.55. ಎಲ್ಲ ಬಗೆಯ ಗಾಳಿಗೂ ಒಗ್ಗುವ ನಡುಸಂಖ್ಯೆ ಅದು. ಐವತ್ತು ವರ್ಷ ಕಳೆದರೂ ಈ ಒಡಲನ್ನು ಯಾರೂ ತಿದ್ದಬೇಕಾಗಿ ಬಂದಿಲ್ಲ.

ಇನ್ನೊಂದು ಗುಟ್ಟು ಹಿಂಭಾಗದಲ್ಲಿದೆ. ದೋಣಿಯನ್ನು ಮಗುಚಿ ಹಾಕಿ ನೋಡಿದರೆ ಮುಂಭಾಗದ ತಳ ಸ್ವಲ್ಪ ಕೊರೆದಂತೆ ಇಳಿದಿದೆ, ಹಿಂದಕ್ಕೆ ಬರುತ್ತಾ ಚಪ್ಪಟೆಯಾಗುತ್ತದೆ. ಇದರ ಕಾರಣ ತಿಳಿಯಲು ಅಲೆಯ ಲೆಕ್ಕ ಬೇಕು. ಯಾವುದೇ ದೋಣಿ ಚಲಿಸುವಾಗ ತನ್ನದೇ ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತಾ ಹೋಗಿ, ಕೊನೆಗೆ ದೋಣಿ ತಾನೇ ಎಬ್ಬಿಸಿದ ಎರಡು ಏರುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ನೀರಿಗೆ ತಾಗುವ ಉದ್ದ 3.8 ಮೀಟರ್ ಇರುವ ಲೇಸರಿಗೆ ಈ ಮಿತಿ ಸುಮಾರು 4.7 ನಾಟ್, ಅಂದರೆ ಗಂಟೆಗೆ ಒಂಬತ್ತು ಕಿಲೋಮೀಟರಿಗೂ ಕಡಿಮೆ. ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. ಆದರೆ ದೋಣಿ ಹಗುರವಿದ್ದು ಹಿಂಭಾಗದ ತಳ ಚಪ್ಪಟೆಯಾಗಿದ್ದರೆ, ಬಲವಾದ ಗಾಳಿಯಲ್ಲಿ ಅದು ಮುಂದಿನ ಅಲೆಯನ್ನು ಹತ್ತಿ ನೀರಿನ ಮೇಲ್ಮೈಯಲ್ಲೇ ಜಾರತೊಡಗುತ್ತದೆ. ಇದಕ್ಕೆ ಪ್ಲೇನಿಂಗ್ ಎನ್ನುತ್ತಾರೆ. ಆಗ ಹತ್ತು ನಾಟ್ ದಾಟುವುದೂ ಕಷ್ಟವಲ್ಲ. ಮೊದಲ ಸಲ ದೋಣಿ ಹೀಗೆ ಮೇಲೆದ್ದು ಓಡಿದಾಗ ಆಗುವ ಆನಂದಕ್ಕೇ ಜನ ಈ ದೋಣಿಗೆ ಅಂಟಿಕೊಳ್ಳುತ್ತಾರೆ.

ಫೈಬರ್ ಒಡಲು ತಯಾರಾಗುವ ಬಗೆ

ಫೈಬರ್‌ಗ್ಲಾಸ್ ನಮ್ಮ ಕರಾವಳಿಗೆ ಹೊಸದಲ್ಲ. ಮೀನುಗಾರರು ದಿನವೂ ಬಳಸುವ ಫೈಬರ್ ದೋಣಿಯದ್ದೂ ಇದೇ ವಸ್ತು. ಗಾಜಿನ ಸಣ್ಣ ಎಳೆಗಳ ಬಟ್ಟೆ ಅಥವಾ ಚಾಪೆಯನ್ನು ರೆಸಿನ್ ಎಂಬ ದ್ರವದಲ್ಲಿ ನೆನೆಸಿ ಗಟ್ಟಿಯಾಗಲು ಬಿಟ್ಟರೆ ಫೈಬರ್‌ಗ್ಲಾಸ್. ಎಳೆದರೆ ತಡೆಯುವ ಬಲ ಗಾಜಿನ ಎಳೆಯದು. ಎಳೆಗಳನ್ನು ಒಂದಕ್ಕೊಂದು ಕಟ್ಟಿಹಿಡಿದು ಆಕಾರ ಉಳಿಸುವುದು ರೆಸಿನ್.

ಮೊದಲು ದೋಣಿಯ ಹೊರಮೈ ಆಕಾರದ ಅಚ್ಚು, ಅಂದರೆ ಮೋಲ್ಡ್ ಬೇಕು. ಅಚ್ಚಿನ ಒಳಗೆ ಮೇಣ ಸವರುತ್ತಾರೆ. ಕೊನೆಗೆ ದೋಣಿ ಅಂಟಿಕೊಳ್ಳದೆ ಬಿಟ್ಟು ಬರಲಿ ಎಂದು. ಅದರ ಮೇಲೆ ಜೆಲ್‌ಕೋಟ್ ಎಂಬ ಬಣ್ಣದ ಪದರ. ನೀವು ಹೊರಗಿನಿಂದ ನೋಡುವ ಹೊಳಪಿನ ಮೈ ಇದೇ, ಇದನ್ನು ಕೊನೆಗೆ ಬಳಿಯುವುದಿಲ್ಲ, ಮೊದಲೇ ಬಳಿಯುತ್ತಾರೆ. ಆಮೇಲೆ ಗಾಜಿನ ಚಾಪೆಯ ಪದರಗಳು. ಪ್ರತಿ ಪದರಕ್ಕೂ ರೆಸಿನ್ ಹಾಕಿ ರೋಲರಿನಿಂದ ಗಾಳಿಗುಳ್ಳೆಗಳನ್ನು ಒತ್ತಿ ತೆಗೆಯುತ್ತಾರೆ. ಗುಳ್ಳೆ ಉಳಿದಲ್ಲಿ ಮುಂದೆ ಬಿರುಕು ಬರುತ್ತದೆ. ರೆಸಿನ್ ಗಟ್ಟಿಯಾಗಲು ಹಾರ್ಡನರ್ ಎಂಬ ರಾಸಾಯನಿಕವನ್ನು ಶೇಕಡಾ ಒಂದೆರಡರಷ್ಟು ಬೆರೆಸಿರುತ್ತಾರೆ. ಸೆಖೆಯ ದಿನ ಬೇಗ ಗಟ್ಟಿಯಾಗುತ್ತದೆ, ಚಳಿಯಲ್ಲಿ ನಿಧಾನ.

ಲೇಸರ್‌ನಲ್ಲಿ ಅಚ್ಚುಗಳು ಎರಡು. ಒಂದು ಒಡಲಿಗೆ, ಇನ್ನೊಂದು ಡೆಕ್‌ಗೆ, ಅಂದರೆ ಮೇಲ್ಮೈಗೆ. ಡೆಕ್ ಮೇಲೆ ಮನುಷ್ಯ ಕೂರುತ್ತಾನೆ, ಹೊರಳುತ್ತಾನೆ, ಕಾಲೂರುತ್ತಾನೆ. ಅದು ಬಗ್ಗಬಾರದು, ಭಾರವೂ ಆಗಬಾರದು. ಅದಕ್ಕೆಂದು ಎರಡು ತೆಳು ಫೈಬರ್ ಹಾಳೆಗಳ ನಡುವೆ ಹಗುರವಾದ ಫೋಮ್ ಪದರ ಇಡುತ್ತಾರೆ. ಇದಕ್ಕೆ ಸ್ಯಾಂಡ್‌ವಿಚ್ ರಚನೆ ಎಂದು ಹೆಸರು. ಹಾಳೆಗಳ ನಡುವೆ ಅಂತರ ಹೆಚ್ಚಿದಂತೆ ಬಿಗಿತನ ಬಹಳ ಏರುತ್ತದೆ, ಫೋಮ್ ಹಗುರವಾದ್ದರಿಂದ ತೂಕ ಅಷ್ಟಾಗಿ ಏರುವುದಿಲ್ಲ. ಕೊನೆಗೆ ಒಡಲನ್ನೂ ಡೆಕ್ಕನ್ನೂ ಅಂಚಿನಲ್ಲಿ ಅಂಟಿಸಿ ಮುಚ್ಚುತ್ತಾರೆ. ಹೀಗೆ ದೋಣಿ ಒಂದು ಮುಚ್ಚಿದ ಡಬ್ಬಿಯಾಗುತ್ತದೆ. ಒಳಗೆ ಗಾಳಿ, ಜೊತೆಗೆ ತೇಲಲು ನೆರವಾಗುವ ಫೋಮ್ ತುಂಡುಗಳು ಅಥವಾ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು. ದೋಣಿ ಮಗುಚಿದರೂ ಮುಳುಗದಿರುವುದು ಇದರಿಂದಲೇ.

ಹಾಯಿ, ಕಂಬ, ಅಲಗು

ಲೇಸರ್‌ನ ಕಂಬವನ್ನು ಹಿಡಿದು ನಿಲ್ಲಿಸುವ ತಂತಿಗಳೇ ಇಲ್ಲ. ದೊಡ್ಡ ದೋಣಿಗಳಲ್ಲಿ ಕಂಬವನ್ನು ಮುಂದಿನಿಂದ, ಅಕ್ಕಪಕ್ಕದಿಂದ ತಂತಿಗಳು ಬಿಗಿದಿರುತ್ತವೆ. ಇಲ್ಲಿ ಅಲ್ಯೂಮಿನಿಯಂ ಕೊಳವೆಯ ಎರಡು ತುಂಡುಗಳನ್ನು ಒಂದರೊಳಗೊಂದು ಸೇರಿಸಿ ಡೆಕ್ಕಿನ ಕುಳಿಯೊಳಗೆ ಇಳಿಸುತ್ತೀರಿ, ಅಷ್ಟೇ. ಎರಡು ತುಂಡು ಮಾಡಿದ್ದು ಕಾರಿನ ಮೇಲೆ ಹಿಡಿಸಲೆಂದು. ಹಾಯಿಯ ಒಂದು ಅಂಚಿನಲ್ಲಿ ಉದ್ದನೆಯ ತೋಳಿದೆ. ಕಂಬವನ್ನು ಆ ತೋಳಿನೊಳಗೆ ತೂರಿಸಿ ಕಂಬ, ಹಾಯಿ ಎರಡನ್ನೂ ಒಟ್ಟಿಗೆ ನಿಲ್ಲಿಸಬೇಕು. ಹಾಯಿ ಏರಿಸುವ ಹಗ್ಗ ಬೇಡ, ರಾಟೆ ಬೇಡ. ಕೈ ಪಳಗಿದವರು ಕಾಲು ಗಂಟೆಯಲ್ಲಿ ದೋಣಿ ಸಜ್ಜು ಮಾಡುತ್ತಾರೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ನೀರಿನ ಮೇಲಿದ್ದಾಗ ಗಾಳಿ ಜೋರಾದರೆ ಹಾಯಿಯನ್ನು ಕೆಳಗಿಳಿಸಲು ಬರುವುದಿಲ್ಲ. ಹೊಸಬರು ಇದನ್ನು ಮೊದಲೇ ತಿಳಿದಿರಬೇಕು. ಆಕಾಶ ನೋಡಿ ನೀರಿಗಿಳಿಯಬೇಕು.

ತಂತಿ ಇಲ್ಲದ ಕಂಬದಿಂದ ಇನ್ನೊಂದು ಲಾಭವಿದೆ. ಗಾಳಿ ರಭಸದಿಂದ ಬಡಿದಾಗ ಕಂಬದ ತುದಿ ಬಾಗುತ್ತದೆ, ಹಾಯಿಯ ಮೇಲ್ಭಾಗ ತೆರೆದುಕೊಂಡು ಹೆಚ್ಚಿನ ಗಾಳಿ ಹೊರಗೆ ಹೋಗುತ್ತದೆ. ದೋಣಿ ತಾನಾಗಿಯೇ ಸ್ವಲ್ಪ ಸಂಭಾಳಿಸಿಕೊಳ್ಳುತ್ತದೆ. ಆದರೆ ಅಲ್ಯೂಮಿನಿಯಂನ ಮೇಲಿನ ತುಂಡು ವರ್ಷಗಳ ನಂತರ ಬಾಗಿದಂತೆಯೇ ಉಳಿಯುವುದೂ ಉಂಟು. ಈ ದೂರು ಎಷ್ಟು ಹೆಚ್ಚಿತೆಂದರೆ 2017ರಿಂದ ಕಾಂಪೋಸಿಟ್ ಎಂಬ ನಾರು-ರೆಸಿನ್ ಮಿಶ್ರಣದ ಮೇಲ್ತುಂಡಿಗೂ ಒಪ್ಪಿಗೆ ಸಿಕ್ಕಿತು. ಅದು ಮರಳಿ ನೆಟ್ಟಗಾಗುತ್ತದೆ.

ಗಾಳಿಗೆ ಎದುರಾಗಿ ಹಾಯಿದೋಣಿ ಹೇಗೆ ಹೋಗುತ್ತದೆ? ಎಲ್ಲರೂ ಕೇಳುವ ಪ್ರಶ್ನೆ. ನೇರ ಎದುರಿಗೆ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಲ್ಲದು. ಒಮ್ಮೆ ಎಡಕ್ಕೆ ಓರೆ, ಇನ್ನೊಮ್ಮೆ ಬಲಕ್ಕೆ ಓರೆ, ಹೀಗೆ ಅಂಕುಡೊಂಕಾಗಿ ಸಾಗಿ ಎದುರಿನ ಗುರಿ ಮುಟ್ಟುತ್ತದೆ. ಓರೆ ಬದಲಿಸುವ ಆ ತಿರುವಿಗೆ ಟ್ಯಾಕಿಂಗ್ ಎನ್ನುತ್ತಾರೆ. ಇದು ಸಾಧ್ಯವಾಗುವುದು ಹಾಯಿಯ ಜೊತೆಗೆ ಡ್ಯಾಗರ್‌ಬೋರ್ಡ್ ಇರುವುದರಿಂದ. ದೋಣಿಯ ನಡುವಿನ ಸೀಳಿನಲ್ಲಿ ಕೆಳಕ್ಕಿಳಿಸುವ ಅಲಗು ಅದು. ಉಬ್ಬಿದ ಹಾಯಿಯ ಸುತ್ತ ಗಾಳಿ ಹರಿದಾಗ ಹುಟ್ಟುವ ಬಲ ಬಹುಪಾಲು ಪಕ್ಕಕ್ಕೆ, ಸ್ವಲ್ಪ ಮುಂದಕ್ಕೆ. ಅಲಗು ನೀರಿನಲ್ಲಿ ಪಕ್ಕಕ್ಕೆ ಸರಿಯಲು ಬಿಡುವುದಿಲ್ಲ. ಒದ್ದೆ ಹುಣಸೆಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಅದು ಮುಂದಕ್ಕೆ ಚಿಮ್ಮುತ್ತದಲ್ಲ, ಹಾಗೆ ಗಾಳಿ ಮತ್ತು ನೀರಿನ ನಡುವೆ ಸಿಕ್ಕ ದೋಣಿಗೆ ಉಳಿದ ದಾರಿ ಮುಂದಕ್ಕೆ. ಗಾಳಿ ಹಿಂದಿನಿಂದ ಬೀಸುವಾಗ ಅಲಗಿನ ಕೆಲಸ ಕಡಿಮೆ. ಆಗ ಅದನ್ನು ಅರ್ಧ ಮೇಲೆತ್ತಿಕೊಂಡರೆ ನೀರಿನ ತಡೆ ಇಳಿಯುತ್ತದೆ. ದಡಕ್ಕೆ ಬಂದಾಗ ಪೂರ್ತಿ ತೆಗೆದರೆ ಒಂದಡಿ ನೀರಿನಲ್ಲೂ ದೋಣಿ ಬರುತ್ತದೆ.

ಕೈಯಲ್ಲಿ ಹಿಡಿಯುವುದು ಎರಡೇ. ಒಂದು ಕೈಯಲ್ಲಿ ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿಕೋಲು. ಇನ್ನೊಂದು ಕೈಯಲ್ಲಿ ಮೇನ್‌ಶೀಟ್, ಹಾಯಿಯನ್ನು ಎಳೆಯುವ, ಸಡಿಲಿಸುವ ಹಗ್ಗ. ಗಾಬರಿಯಾದಾಗ ಹಗ್ಗ ಬಿಟ್ಟುಬಿಡಿ, ಹಾಯಿ ಗಾಳಿ ಚೆಲ್ಲಿ ದೋಣಿ ನಿಧಾನಿಸುತ್ತದೆ. ಇವಲ್ಲದೆ ಇನ್ನೂ ಮೂರು ಹಗ್ಗಗಳು ಹಾಯಿಯ ಉಬ್ಬನ್ನು ಹೊಂದಿಸುತ್ತವೆ. ಮೊದಲ ಕೆಲವು ವಾರ ಅವುಗಳ ಗೊಡವೆ ಬೇಡ.

ದೋಣಿ ಮಗುಚುವುದನ್ನು ತಡೆಯುವ ಭಾರವಾದ ಸೀಸದ ತಳ ಇಲ್ಲಿಲ್ಲ. ನಿಮ್ಮ ಮೈಯೇ ತೂಕದ ಬಟ್ಟು. ಕಾಕ್‌ಪಿಟ್ ಎಂಬ ತಗ್ಗಿನಲ್ಲಿ ಉದ್ದುದ್ದಕ್ಕೆ ಕಟ್ಟಿದ ಪಟ್ಟಿಗೆ ಕಾಲು ಸಿಕ್ಕಿಸಿ, ಗಾಳಿ ಬರುವ ಕಡೆಗೆ ಮೈಯನ್ನು ಹೊರಕ್ಕೆ ಚಾಚಬೇಕು. ಇದು ಹೈಕಿಂಗ್. ತೊಡೆ, ಹೊಟ್ಟೆಯ ಸ್ನಾಯುಗಳಿಗೆ ಕಠಿಣ ಕೆಲಸ. ಆರಾಮವಾಗಿ ಕೂತು ಸಂಜೆ ವಿಹಾರ ಮಾಡುವ ಆಸೆ ಇರುವವರಿಗೆ, ಮಂಡಿ ನೋವಿರುವವರಿಗೆ ನಾನು ಲೇಸರ್ ಹೇಳುವುದಿಲ್ಲ. ಅವರಿಗೆ ಅಗಲವಾದ, ಒಳಗೆ ಕೂರಬಹುದಾದ ಇಬ್ಬರ ದೋಣಿಯೇ ಸರಿ.

ಮಗುಚಿದರೆ? ಮಗುಚುತ್ತದೆ, ಕಲಿಯುವಾಗ ಎಲ್ಲರದೂ ಮಗುಚುತ್ತದೆ. ದೋಣಿಯ ಸುತ್ತ ಈಜಿ ಬಂದು ಪಕ್ಕಕ್ಕೆ ಚಾಚಿಕೊಂಡಿರುವ ಡ್ಯಾಗರ್‌ಬೋರ್ಡ್ ಮೇಲೆ ಹತ್ತಿ ನಿಲ್ಲಿ, ದೋಣಿಯ ಅಂಚು ಹಿಡಿದು ಹಿಂದಕ್ಕೆ ವಾಲಿ. ನಿಧಾನವಾಗಿ ಹಾಯಿ ನೀರಿನಿಂದ ಮೇಲೇಳುತ್ತದೆ. ಕಾಕ್‌ಪಿಟ್‌ಗೆ ತುಂಬಿದ ನೀರನ್ನು ತಳದ ಬೈಲರ್, ಅಂದರೆ ನೀರು ಹೊರಗೆಳೆಯುವ ಸಣ್ಣ ಕಿಂಡಿ, ದೋಣಿ ಓಡುವಾಗ ತಾನೇ ಖಾಲಿ ಮಾಡುತ್ತದೆ. ಬಕೆಟ್ ಬೇಡ. ಒಂದು ನಿಯಮ ಮಾತ್ರ ಮರೆಯಬೇಡಿ: ದೋಣಿಯನ್ನು ಬಿಟ್ಟು ದಡದತ್ತ ಈಜಬಾರದು. ಲೈಫ್ ಜಾಕೆಟ್ ಸದಾ ಮೈಮೇಲಿರಬೇಕು, ಈಜು ಬಂದರೂ.

ಒಂದೇ ಒಡಲು, ಮೂರು ಹಾಯಿ

ಲೇಸರ್ ಒನ್-ಡಿಸೈನ್ ದೋಣಿ. ಅಂದರೆ ಎಲ್ಲರ ದೋಣಿಯೂ ಒಂದೇ ಅಚ್ಚಿನದು, ಯಾರೂ ಏನೂ ತಿದ್ದುವಂತಿಲ್ಲ. ದುಡ್ಡಿದ್ದವರು ವೇಗದ ದೋಣಿ ಕೊಂಡು ಗೆಲ್ಲಲು ಆಗದು. ಈ ಕಟ್ಟುನಿಟ್ಟೇ ಲೇಸರನ್ನು ಒಲಿಂಪಿಕ್ಸಿಗೆ ಒಯ್ದಿತು ಎಂದು ನನ್ನ ನಂಬಿಕೆ. 1996ರ ಅಟ್ಲಾಂಟಾದಲ್ಲಿ ಅದು ಪದಕದ ಸ್ಪರ್ಧೆಯಾಯಿತು, 2008ರ ಬೀಜಿಂಗ್‌ನಲ್ಲಿ ಮಹಿಳೆಯರಿಗೂ ಬಂತು.

ಹಾಗಾದರೆ 50 ಕಿಲೋ ತೂಕದ ಹುಡುಗಿಗೂ 82 ಕಿಲೋ ಗಂಡಸಿಗೂ ಒಂದೇ ದೋಣಿಯೇ? ಒಡಲು ಒಂದೇ, ಹಾಯಿ ಬೇರೆ. ಕಂಬದ ಕೆಳತುಂಡನ್ನೂ ಹಾಯಿಯನ್ನೂ ಬದಲಿಸಿದರೆ ಮೂರು ದೋಣಿಗಳಾಗುತ್ತವೆ. 7.06 ಚದರ ಮೀಟರಿನ ಹಾಯಿ ಇದ್ದರೆ ಐಎಲ್‌ಸಿಎ 7, 5.76ರದ್ದು ಐಎಲ್‌ಸಿಎ 6, 4.7ರದ್ದು ಐಎಲ್‌ಸಿಎ 4. ಹೆಸರಿನ ಹಕ್ಕಿನ ತಕರಾರಿನ ನಂತರ ಈ ದೋಣಿಗಳ ಸಂಘವಾದ ಇಂಟರ್‌ನ್ಯಾಷನಲ್ ಲೇಸರ್ ಕ್ಲಾಸ್ ಅಸೋಸಿಯೇಷನ್ ತನ್ನ ಮೊದಲಕ್ಷರಗಳನ್ನೇ ದೋಣಿಗೂ ಇಟ್ಟಿದೆ. ಕೊಳ್ಳುವಾಗ ಎರಡು ಹೆಸರೂ ಕೇಳಿಬರುತ್ತವೆ. ಅಂದಾಜಿಗೆ, 75 ಕಿಲೋ ಮೀರಿದವರಿಗೆ 7, 55ರಿಂದ 75ರವರೆಗೆ 6, ಅದಕ್ಕೂ ಹಗುರವಾದವರಿಗೆ 4.

ಐಎಲ್‌ಸಿಎ 4ರ ಕೆಳಗಂಬವನ್ನು ನೋಡಿದರೆ ಬಾಗಿರುವುದು ಕಾಣುತ್ತದೆ. ಹಾಳಾಗಿದೆ ಎಂದು ಭಾವಿಸಬೇಡಿ, ಬೇಕೆಂದೇ ಹಿಂದಕ್ಕೆ ಬಾಗಿಸಿದ್ದಾರೆ. ಹಾಯಿ ಚಿಕ್ಕದಾದಾಗ ಅದರ ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ, ಅಲಗು ಮಾತ್ರ ಇದ್ದಲ್ಲೇ ಇರುತ್ತದೆ. ಎರಡರ ಹೊಂದಿಕೆ ತಪ್ಪಿದರೆ ಚುಕ್ಕಾಣಿ ಹಿಡಿಯುವುದು ಕಷ್ಟ. ಕಂಬ ಬಾಗಿಸಿದರೆ ಹಾಯಿ ಮತ್ತೆ ಹಿಂದಕ್ಕೆ ಬರುತ್ತದೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನೇಹಾ ಠಾಕೂರ್ ಬೆಳ್ಳಿ ಗೆದ್ದದ್ದು ಐಎಲ್‌ಸಿಎ 4ರಲ್ಲಿ. ಅದೇ ಕೂಟದಲ್ಲಿ ವಿಷ್ಣು ಸರವಣನ್ ಐಎಲ್‌ಸಿಎ 7ರಲ್ಲಿ ಕಂಚು ಪಡೆದರು.

ಖರ್ಚು, ಹಳೆಯ ದೋಣಿಯ ಪರೀಕ್ಷೆ

ಹೊಸ ದೋಣಿ ವಿದೇಶಗಳಲ್ಲಿ ಸುಮಾರು 7ರಿಂದ 9 ಸಾವಿರ ಡಾಲರ್. ಭಾರತಕ್ಕೆ ತರಿಸಿದರೆ ಸಾಗಣೆ, ಸುಂಕ ಬೇರೆ. ಸ್ಪರ್ಧೆಗೆ ಇಳಿಯದವರು ಹೊಸದು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಫೈಬರ್ ಒಡಲು ದಶಕಗಳ ಕಾಲ ಬಾಳುತ್ತದೆ. ಹಳೆಯದನ್ನು ಸರಿಯಾಗಿ ಪರೀಕ್ಷಿಸಿ ಕೊಳ್ಳಿ.

ಮೊದಲು ಕಂಬ ಇಳಿಸುವ ಕುಳಿಗೆ ನೀರು ತುಂಬಿ ಸ್ವಲ್ಪ ಹೊತ್ತು ಕಾಯಿರಿ. ನೀರಿನ ಮಟ್ಟ ಇಳಿದರೆ ಕುಳಿಯ ತಳ ಬಿರಿದಿದೆ, ಆ ನೀರು ಒಡಲೊಳಗೆ ಹೋಗಿದೆ. ಅಂಥ ದೋಣಿಯ ಕಂಬ ಜೋರುಗಾಳಿಯಲ್ಲಿ ಡೆಕ್ಕನ್ನೇ ಸೀಳಿಕೊಂಡು ಬೀಳಬಹುದು. ಲೇಸರ್‌ನಲ್ಲಿ ಅತಿ ಮುಖ್ಯವಾದ ಪರೀಕ್ಷೆ ಇದೇ. ಆಮೇಲೆ ಕಾಕ್‌ಪಿಟ್ ಸುತ್ತ, ಕೂರುವ ಅಂಚಿನಲ್ಲಿ ಅಂಗೈಯಿಂದ ಒತ್ತಿ. ಮೆತ್ತಗೆ ಒಳಹೋದರೆ ಫೋಮ್ ಹಾಳೆಯಿಂದ ಬಿಟ್ಟಿದೆ. ದೋಣಿಯನ್ನು ಇಬ್ಬರು ಎತ್ತಿ ನೋಡಿ. 59 ಕಿಲೋಗಿಂತ ಬಹಳ ಭಾರವೆನಿಸಿದರೆ ಒಳಗೆ ನೀರು ಕುಡಿದಿದೆ. ಅಲಗಿನ ಸೀಳಿನ ಅಂಚು, ಚುಕ್ಕಾಣಿ ಸಿಕ್ಕಿಸುವ ಕೊಂಡಿಗಳ ಬುಡ ನೋಡಿ. ಕಂಬದ ಮೇಲ್ತುಂಡನ್ನು ಸಮತಟ್ಟಾದ ನೆಲದ ಮೇಲೆ ಉರುಳಿಸಿದರೆ ಬಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಜೆಲ್‌ಕೋಟಿನ ಮೇಲಿನ ಗೀರು, ಸಣ್ಣ ಬಿರುಕುಗಳಿಗೆ ಹೆದರಬೇಕಿಲ್ಲ. ಫೈಬರ್ ದೋಣಿ ದುರಸ್ತಿ ಮಾಡುವ ಕರಾವಳಿಯ ಯಾವುದೇ ಕುಶಲಕರ್ಮಿಗೆ ಅದು ಗೊತ್ತಿರುವ ಕೆಲಸ. ಮಾಡಿಸುವಾಗ ಒಂದು ಮಾತು ಹೇಳಿ: ಪದರಗಳನ್ನು ದಪ್ಪ ಮಾಡಬೇಡಿ ಎಂದು. ಮೀನುಗಾರಿಕೆ ದೋಣಿಗೆ ದಪ್ಪವೇ ಬಲ, ಇಲ್ಲಿ ಎರಡು ಕಿಲೋ ಹೆಚ್ಚಾದರೂ ಲೆಕ್ಕವೇ. ಇಡುವಾಗ ತಳವನ್ನು ಕಲ್ಲು-ಮರಳಿನ ಮೇಲೆ ಊರಬೇಡಿ, ಅಂಚಿನ ಕೆಳಗೆ ಆಧಾರ ಕೊಡಿ. ಬಿಸಿಲಿಗೆ ಹೊದಿಕೆ ಹಾಕಿ. ಸ್ಪರ್ಧೆಯ ಅಧಿಕೃತ ಹಾಯಿ ದುಬಾರಿ, ಅಭ್ಯಾಸಕ್ಕೆ ಅದೇ ಅಳತೆಯ ಅಗ್ಗದ ಹಾಯಿ ಸಿಗುತ್ತದೆ.

ಎಲ್ಲಿ ಕಲಿಯುವುದು

ಕೊಳ್ಳುವ ಮೊದಲು ಕ್ಲಬ್ಬಿನ ದೋಣಿಯಲ್ಲಿ ಕಲಿಯಿರಿ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಯಾಟ್ ಕ್ಲಬ್ ಆಫ್ ಹೈದರಾಬಾದ್ ಮಕ್ಕಳಿಗೆ ತರಬೇತಿ ಕೊಡುತ್ತದೆ. ಅದೇ ಸರೋವರದ ವಾರ್ಷಿಕ ಹೈದರಾಬಾದ್ ಸೇಲಿಂಗ್ ವೀಕ್‌ನಲ್ಲಿ ಸೇರುವಷ್ಟು ಲೇಸರ್‌ಗಳು ನಮ್ಮ ದೇಶದಲ್ಲಿ ಬೇರೆಡೆ ಒಟ್ಟಾಗುವುದು ಅಪರೂಪ. ಚೆನ್ನೈ ಬಂದರಿನಲ್ಲಿ 1911ರ ರಾಯಲ್ ಮದ್ರಾಸ್ ಯಾಟ್ ಕ್ಲಬ್ ಇದೆ. ಟೋಕಿಯೊ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ಗಳಲ್ಲಿ ಲೇಸರ್ ನಡೆಸಿದ ನೇತ್ರಾ ಕುಮನನ್ ಚೆನ್ನೈನವರು. ಕರ್ನಾಟಕದಲ್ಲಿ ಹಾಯಿದೋಣಿಯ ಕ್ರೀಡೆ ಹೆಚ್ಚಾಗಿ ಸೇನೆಯ ಕೈಯಲ್ಲಿದೆ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ತೃಷ್ಣಾ ಸೇಲಿಂಗ್ ಕ್ಲಬ್ ಕೆ.ಆರ್.ಎಸ್. ಹಿನ್ನೀರಿನಲ್ಲಿ ರಾಷ್ಟ್ರಮಟ್ಟದ ಕಿರಿಯರ ಸ್ಪರ್ಧೆ ನಡೆಸಿದೆ. 1985ರಿಂದ 1987ರವರೆಗೆ ಸೇನೆಯ ಎಂಜಿನಿಯರ್‌ಗಳು ಭೂಮಿ ಸುತ್ತಿ ಬಂದ ಹಾಯಿದೋಣಿಯ ಹೆಸರೂ ತೃಷ್ಣಾ.

ಅಮೆರಿಕದ ಬಾಸ್ಟನ್‌ನಲ್ಲಿರುವ ಕನ್ನಡಿಗರು ಚಾರ್ಲ್ಸ್ ನದಿಯ ಕಮ್ಯುನಿಟಿ ಬೋಟಿಂಗ್‌ನಲ್ಲಿ ಸದಸ್ಯತ್ವ ಪಡೆದರೆ ಸಾಕು, ಲೇಸರ್ ಸ್ವಂತದ್ದಿರಬೇಕಿಲ್ಲ. ಅಲ್ಲಿನ ಹಲವು ಸರೋವರ ಪಟ್ಟಣಗಳಲ್ಲೂ ಇಂಥ ಕ್ಲಬ್‌ಗಳಿವೆ. ಭಾರತದಲ್ಲಿ ಮಾನ್ಯತೆ ಪಡೆದ ಕ್ಲಬ್ ಯಾವುದು ಹತ್ತಿರ ಎಂದು ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾದಲ್ಲಿ ವಿಚಾರಿಸಿ. ನಿಮ್ಮೂರ ಕೆರೆಯಲ್ಲೋ ಜಲಾಶಯದಲ್ಲೋ ಸ್ವಂತ ದೋಣಿ ಇಳಿಸುವುದಾದರೆ ಅದನ್ನು ನೋಡಿಕೊಳ್ಳುವ ಇಲಾಖೆಯ ಅನುಮತಿ ಬರಹದಲ್ಲಿ ಪಡೆಯಿರಿ, ಮತ್ತು ಮೊದಲ ದಿನಗಳಲ್ಲಿ ದಡದಲ್ಲಿ ಇನ್ನೊಬ್ಬರು ಮೋಟಾರು ದೋಣಿಯೊಂದಿಗೆ ಕಾಯುತ್ತಿರುವಂತೆ ನೋಡಿಕೊಳ್ಳಿ.